ಎರಡು ಇಸವಿಗಳ ನಡುವಿನ ಸೋಂಪಿತ್

ತ್ರಾಂಗ್ ಕಡೆಯ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ಸೋಂಪಿತ್ ಒಬ್ಬಳೇ. ಯಾರು ಬೈದರೂ ನಗುತ್ತಾಳೆ, ಯಾರು ಏನು ಕೇಳಿದರೂ ಮಾಡಿಕೊಡುತ್ತಾಳೆ. ಅಷ್ಟು ಮೆತ್ತಗಿರಬಾರದು ಕಣೇ ಎಂದು ತುರ್ತು ವಾರ್ಡಿನ ನರ್ಸ್ ಆದ ನಾನು ಎಷ್ಟು ಸಲ ಹೇಳಿದ್ದೇನೋ! ಕೇಳಿದರೆ ತಾನೇ.

ಔಷಧಿ ಉಗ್ರಾಣದ ಪ್ರೋಗ್ರಾಂ ಅನ್ನು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪುಣ್ಯಾತ್ಮ, ಔಷಧಿಯ ಅವಧಿ ಮುಗಿಯುವ ದಿನ ಬರೆಯುವ ಅಂಕಣದಲ್ಲಿ ಏನು ಬೇಕಾದರೂ ಇರಬಹುದು ಎಂದು ಬಿಟ್ಟು ಹೋಗಿದ್ದ. ಆದರೆ ಡೇಟಾಬೇಸಿನಲ್ಲಿ ಉಳಿಸಿಡಬೇಕಾದರೆ, ಮೆಟಾಡೇಟಾ ಎನ್ನುವ ಬೇರೊಂದು ಫೈಲಿನಲ್ಲಿ ಆ ಅಂಕಣದ ಬಗೆ ಯಾವುದೆಂದು ಹೇಳಲೇಬೇಕು: ಸಂಖ್ಯೆಯೋ, ದಿನಾಂಕವೋ, ಬರೀ ಅಕ್ಷರವೋ. ಸೋಂಪಿತ್ ಮೊದಲು ದಿನಾಂಕ ಎಂದೇ ಬರೆದಿದ್ದಳು.

ಉಗ್ರಾಣದ ಲೆಕ್ಕ ಬರೆಯುವ, ನಾವೆಲ್ಲ ಮಾವ ಎನ್ನುತ್ತಿದ್ದ ವಿಯನ್‌ಗೆ ಅದು ಆಗಿಬರಲಿಲ್ಲ. ಅವನು ತಿಂಗಳು ಬರೆದರೆ ದಿನ ಬಿಡುವವನು, ದಿನ ಬರೆದರೆ ನಡುವಿನ ಗೆರೆ ಮರೆಯುವವನು. ಕಂಪ್ಯೂಟರ್ ಪ್ರತಿ ಸಲವೂ ತಿರಸ್ಕರಿಸುತ್ತಿತ್ತು.

“ಏನವ್ವಾ, ನಿನ್ನ ಡಬ್ಬಿ ದಿನಾ ನನ್ನ ಕಿವಿ ಹಿಂಡುತ್ತಲ್ಲ! ನಾನು ಬರೆದಿದ್ದನ್ನ ನುಂಗಿಕೊಂಡು ಸುಮ್ನಿರೋಕೆ ಹೇಳು ಅದಕ್ಕೆ!”

ನಿರ್ದೇಶಕರೂ, “ಹಿರಿಯರು ಕಣಮ್ಮ, ಅವರಿಗೆ ಬೇಕಾದ ಹಾಗೆ ಮಾಡ್ಕೊಡು. ರಗಳೆ ಬೇಡ,” ಎಂದರು. ಸೋಂಪಿತ್ ಮೆಟಾಡೇಟಾದಲ್ಲಿ ದಿನಾಂಕ ಎಂಬುದನ್ನು ಅಳಿಸಿ ಅಕ್ಷರ ಎಂದು ಬರೆದಳು. ಒಂದೇ ಒಂದು ಪದ. ಮಾವ ತಣ್ಣಗಾದ.

ಮಾವ ಇರುವ ತನಕ ಏನೂ ಆಗಲಿಲ್ಲ. ಹೊರದೇಶದ ಡಬ್ಬಿಯ ಮೇಲೆ ಕ್ರಿಸ್ತನ ಇಸವಿ ಇದ್ದರೆ, ಅವನು ಮನಸ್ಸಿನಲ್ಲೇ 543 ಕೂಡಿಸಿ, ನಮ್ಮ ಬುದ್ಧನ ಇಸವಿಗೆ ತಿರುಗಿಸಿ ಬರೆಯುತ್ತಿದ್ದ. ಅವನು ನಿವೃತ್ತನಾದ ಮೇಲೆ ಬಂದವರು ಡಬ್ಬಿಯಲ್ಲಿದ್ದದ್ದನ್ನು ಇದ್ದ ಹಾಗೇ ಬರೆದರು. ಹಾವಿನ ವಿಷಕ್ಕೆ ಕೊಡುವ ಹೊಸ ಔಷಧಿ ಬಂದಿತ್ತು, ಅದರ ಅವಧಿ 2027. ನಮ್ಮಲ್ಲಿ ಆಗ ನಡೆಯುತ್ತಿದ್ದುದು 2567. ದಿನಾಂಕವೆಂದು ಗೊತ್ತಿದ್ದರೆ ಆ ಪ್ರೋಗ್ರಾಂ ಇದೇನು ಐನೂರು ವರ್ಷ ಹಿಂದಿನದು ಎಂದು ತಕರಾರು ತೆಗೆಯುತ್ತಿತ್ತು. ಬರೀ ಅಕ್ಷರವಾದ್ದರಿಂದ ಏನೂ ಕೇಳದೆ ಒಳಗೆ ಬಿಟ್ಟುಕೊಂಡು, 2567ಕ್ಕಿಂತ 2027 ಹಿಂದಿನದು, ಅವಧಿ ಎಂದೋ ಮುಗಿದಿದೆ ಎಂದುಕೊಂಡು ಆ ಡಬ್ಬಿಗಳನ್ನೆಲ್ಲ ಲೆಕ್ಕದಿಂದ ತೆಗೆದುಹಾಕಿತು.

ನೀರೆರಚಿ ಹೊಸ ವರ್ಷ ಆಚರಿಸುವ ಸೊಂಕ್ರಾನ್ ಹಬ್ಬದ ರಜೆಯ ಬೆಳಿಗ್ಗೆ, ರಬ್ಬರ್ ಮರ ಕೆತ್ತಿ ಹಾಲು ಇಳಿಸುವ ಚುವಪ್‌ನನ್ನು ಅವನ ಹೆಂಡತಿ ನುವಾನ್ ಬೈಕಿನಲ್ಲಿ ಕೂರಿಸಿಕೊಂಡು ಬಂದಳು. ನಾಗರಹಾವು ಕಚ್ಚಿತ್ತು. ರೆಪ್ಪೆ ಆಗಲೇ ಜೋಲುತ್ತಿತ್ತು.

“ಒಂದೂ ಇಲ್ವೇನ್ರೀ? ಸರಿಯಾಗಿ ನೋಡ್ರೀ!” ಎಂದು ಔಷಧಿ ಕೌಂಟರಿನ ಮುಂದೆ ನಿಂತು ಕಿರುಚಿದೆ.

“ಇಲ್ಲ ಅಂದ್ರೆ ಇಲ್ಲ ಕಣಕ್ಕ, ಇಲ್ಲಿ ಸೊನ್ನೆ ಅಂತಿದೆ,” ಎಂದರು ಔಷಧಿ ಕೊಡುವವರು. ಹಿಂದಿನ ಕಟ್ಟಡದ ಉಗ್ರಾಣಕ್ಕೆ ರಜೆಯ ಬೀಗ ಬಿದ್ದಿತ್ತು. ಸೊನ್ನೆ ಎಂದ ಮೇಲೆ ಬೀಗ ಯಾರು ತೆಗೆಸುತ್ತಾರೆ? ಪಟ್ಟಣಕ್ಕೆ ಆಂಬುಲೆನ್ಸ್ ಹತ್ತಿಸಿದೆವು. ರಸ್ತೆ ತುಂಬ ನೀರೆರಚುವ ಜನ. ಪಟ್ಟಣ ಸೇರುವ ಮೊದಲೇ ಚುವಪ್‌ನ ಉಸಿರು ನಿಂತಿತು.

ರಜೆ ಮುಗಿದು ಉಗ್ರಾಣ ತೆರೆದಾಗ ಔಷಧಿ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿತ್ತು. ಸೋಂಪಿತ್ ಕಂಪ್ಯೂಟರ್ ಮುಂದೆ ಕೂತು, ಲೆಕ್ಕ ಎಲ್ಲಿ ತಪ್ಪಿತೆಂದು ಹುಡುಕುತ್ತ ಹೋಗಿ, ತಾನು ಬದಲಿಸಿದ್ದ ಆ ಒಂದು ಪದಕ್ಕೆ ಬಂದು ನಿಂತಳು. ನಿರ್ದೇಶಕರು, “ಸ್ಟಾಕ್ ಇರ್ಲಿಲ್ಲ ಅಂತ ಅವನ ಮನೆಯವರಿಗೆ ಹೇಳಿ ಆಗಿದೆ. ಈಗ ಕೆದಕಿದ್ರೆ ಹೋದ ಜೀವ ಬರುತ್ತಾ?” ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು, ಆದರೆ ಬಾಯಿ ಬಿಟ್ಟವಳು ಸೋಂಪಿತ್.

“ನಾನು ಹೇಳ್ಬೇಕು ಸಾರ್,” ಎಂದಳು. ಅವಳು ಯಾರಿಗಾದರೂ ಎದುರಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವಳ ಜೊತೆ ನಾನೂ ಚುವಪ್‌ನ ಮನೆಗೆ ಹೋದೆ. ಭಿಕ್ಷುಗಳು ಸತ್ತವನಿಗಾಗಿ ಮಾಡುವ ಪಠಣ ಮುಗಿಸಿ ಹೋಗಿದ್ದರು. ನುವಾನ್ ಅಂಗಳದಲ್ಲಿ ಅನ್ನದ ಪಾತ್ರೆ ತೊಳೆಯುತ್ತಿದ್ದಳು.

“ಔಷಧಿ ಇತ್ತಕ್ಕ,” ಎಂದಳು ಸೋಂಪಿತ್, ಕೈ ಮುಗಿದುಕೊಂಡು. “ಕಂಪ್ಯೂಟರ್‌ನಲ್ಲಿ ನಾನು ಒಂದು ಪದ ಬದಲಾಯಿಸಿದ್ದೆ. ಅದಕ್ಕೇ ಇದೆ ಅಂತ ತೋರಿಸ್ಲಿಲ್ಲ. ತಪ್ಪು ನಂದು.”

“ಇತ್ತಾ?” ನುವಾನ್ ಪಾತ್ರೆ ಕೆಳಗಿಟ್ಟಳು.

“ಇತ್ತು.”

“ಇಲ್ಲ ಅಂದಿದ್ರಲ್ಲೇ. ಇಲ್ಲದ್ದನ್ನ ಯಾರು ತಂದುಕೊಡ್ತಾರೆ ಅಂತ ಎದೆ ಗಟ್ಟಿ ಮಾಡ್ಕೊಂಡಿದ್ದೆ. ನಂಗೆ ಉಳಿದಿದ್ದು ಅದೊಂದೇ. ಅದನ್ನೂ ಕಿತ್ಕೊಂಡು ಹೋಗೋಕೆ ಬಂದ್ಯಾ?”

ನುವಾನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೋಂಪಿತ್ ಮುಗಿದ ಕೈ ಇಳಿಸದೆ ಅಲ್ಲೇ ನಿಂತಿದ್ದಳು.