ಸೂರ್ಯಾಸ್ತದ ರೈಲಿನಲ್ಲಿ ಸುನಂದತ್ತೆ

ಇವತ್ತು ಬೆಳಿಗ್ಗೆ ಪೇಪರ್ ಬಿಚ್ಚಿದಾಗ ಅದರೊಳಗಿಂದ ಒಂದು ಬಣ್ಣದ ಕಾಗದ ಜಾರಿ ನನ್ನ ಚಹಾದ ಬಸಿಯಲ್ಲಿ ಬಿತ್ತು. ಎತ್ತಿ ನೋಡಿದರೆ ಅದರ ತುಂಬ ಒಬ್ಬ ಕಿತ್ತಳೆ ಬಣ್ಣದ ಸೂರ್ಯ. ಅಷ್ಟು ದೊಡ್ಡ ಸೂರ್ಯನನ್ನು ಖಾನಾಪುರದ ಗುಡ್ಡಗಳ ಹಿಂದೆ ನಾನಂತೂ ಕಂಡಿಲ್ಲ. ಕೆಳಗೆ ಒಂದು ಕರಿ ಎಂಜಿನ್ನು, ಅದರ ಮೇಲೆ ಹೊಗೆ, ಹೊಗೆಯ ಮೇಲೆ ಬರಹ: 'ಹಳೆಗಾಲದ ರೈಲಿನಲ್ಲಿ ಒಂದು ದಿನ. ಬೆಳಗಾವಿ, ಖಾನಾಪುರ, ಹಲಸಿ. ಮರಳುವಾಗ ಸೂರ್ಯಾಸ್ತದ ಜೊತೆ ಭೋಜನ.' ಆ ಕೊನೆಯ ನಾಲ್ಕು ಶಬ್ದ ಓದಿ ಚಹಾ ನೆತ್ತಿಗೇರಿತು. ನೀವು ನಗಬಹುದು. ನಿಮ್ಮ ಮನೆಯಲ್ಲಿ ಸುನಂದತ್ತೆ ಇಲ್ಲ.

ಸುನಂದತ್ತೆ ನನ್ನ ತಂದೆಯ ಅಕ್ಕ. ಎಪ್ಪತ್ತು ದಾಟಿದ್ದಾಳೆ, ನಮ್ಮ ಜೊತೆಗೇ ಇರುತ್ತಾಳೆ. ನಾವು ಜೈನರು. ಇನ್ನೂ ಸರಿಯಾಗಿ ಹೇಳಬೇಕೆಂದರೆ ಆಕೆ ಜೈನಳು, ನಾನು ಲಗ್ನಪತ್ರಿಕೆಯಲ್ಲಿ ಮಾತ್ರ ಜೈನ. ಬಟಾಟೆ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಎಂದು ನೆಲದೊಳಗೆ ಬೆಳೆಯುವುದೇನೂ ಆಕೆಗೆ ಆಗದು. ಸೂರ್ಯ ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗೆ ಹೋಗದು. ಮರುದಿನ ಅವನೇ ಬಂದು ಅಪ್ಪಣೆ ಕೊಡಬೇಕು. ಹದಿನಾರನೆಯ ವಯಸ್ಸಿಗೆ ಹಿಡಿದ ಈ ನೇಮ ಒಂದು ಸಲವೂ ತಪ್ಪಿಲ್ಲ. ಇದರ ಜೊತೆಗೆ ಇತ್ತೀಚೆಗೆ ಸಕ್ಕರೆ ಕಾಯಿಲೆಯೂ ಬಂದು ಸೇರಿಕೊಂಡಿದೆ. ನೆಹರು ನಗರದ ಡಾಕ್ಟರು ಎರಡೂ ಕಥೆ ಕೇಳಿ ತಲೆ ಕೆರೆದುಕೊಂಡು, "ಸೂರ್ಯ ಮುಳುಗೂದ್ರಾಗ ಹೊಟ್ಟಿ ತುಂಬ ಉಣ್ರಿ ಅಜ್ಜಿ. ಖಾಲಿ ಹೊಟ್ಟೀಲೆ ಮಾತ್ರ ರಾತ್ರಿ ಕಳೀಬ್ಯಾಡ್ರಿ" ಎಂದಿದ್ದರು. ಹಾಗಾಗಿ ಉಳಿದವರಿಗೆ ಕವಿತೆಯಾಗಿ ಕಾಣುವ ಸೂರ್ಯಾಸ್ತ ನಮ್ಮ ಮನೆಗೆ ಗಡುವಾಗಿ ಬರುತ್ತದೆ.

ಎರಡು ಚಳಿಗಾಲದ ಹಿಂದಿನ ಮಾತು. ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಖರೀದಿ ವಿಭಾಗದ ಗುಮಾಸ್ತ. ನಮ್ಮ ಮ್ಯಾನೇಜರ್ ಸಾಹೇಬರು ಹಣೆಯ ಮೇಲೆ ಮೂರು ಬೆರಳ ವಿಭೂತಿ ಧರಿಸಿ, ಅದರ ಕೆಳಗೆ ಕಪ್ಪು ಕನ್ನಡಕ ಹಾಕುವ ಮನುಷ್ಯ. ಅವರು ಒಂದು ದಿನ, ಹೆಂಡತಿಯ ಜೊತೆ ಈ ಹಳೆಗಾಲದ ರೈಲಿಗೆ ಹೊರಟಿದ್ದೇನೆ ಎಂದರು. ಮೇಲಧಿಕಾರಿ ಎಲ್ಲಿ ಹೋಗುತ್ತಾರೋ ಅಲ್ಲಿ ಪ್ರಕೃತಿ ಸೌಂದರ್ಯ ಇದ್ದೇ ಇರುತ್ತದೆಂಬುದು ಇಪ್ಪತ್ತು ವರ್ಷದ ನೌಕರಿ ಕಲಿಸಿದ ವಿದ್ಯೆ. ಅದೇ ಬೋಗಿಯಲ್ಲಿ ಎರಡು ಸೀಟು ಹಿಡಿದೆ. ಹೆಂಡತಿ ತವರಿಗೆ ಹೋಗಿದ್ದಳು. ಅತ್ತೆಯನ್ನು ಕೇಳಿದರೆ, ಹುಡುಗಿಯಾಗಿದ್ದಾಗ ಹೊಗೆ ಗಾಡಿಯಲ್ಲಿ ಕೂತಿದ್ದೆ, ಇನ್ನೊಮ್ಮೆ ಕೂರೋಣ ಎಂದಳು.

ಹೊರಡುವ ಹಿಂದಿನ ಸಂಜೆ ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. "ಡಬ್ಬಿ ಕಟ್ಟಗೊಂಡ ಬರ್ತೀನಿ ತಮ್ಮಾ. ನಾಕ ರೊಟ್ಟಿ, ಒಂದೀಟ ಪಲ್ಲೆ."

"ಬ್ಯಾಡ ಅತ್ತಿ. ಪ್ಯಾಕೇಜಿನ್ಯಾಗ ಎಲ್ಲಾ ಐತಿ. ಜೈನ್ ಊಟ ಅಂತ ನಾನ ಬರಸೀನಿ."

"ಆದ್ರೂ ಇರ್ಲಿ ಅಂತ."

"ಸಾಹೇಬ್ರು ಅದ ಬೋಗಿಯಾಗ ಇರ್ತಾರ. ಅವ್ರ ಮುಂದ ನಾವು ಡಬ್ಬಿ ಬಿಚ್ಚಿ ಕುಂತ್ರ ಛಂದ ಕಾಣ್ತದೇನು?"

ಅತ್ತೆ ನನ್ನ ಮುಖವನ್ನೊಮ್ಮೆ ನೋಡಿ "ಆತು ಬಿಡು" ಎಂದು ಒಳಗೆ ಹೋದಳು. ನನ್ನನ್ನು ಎತ್ತಿ ಆಡಿಸಿದವಳ ರೊಟ್ಟಿಯ ಬಗ್ಗೆ ನನಗೆ ನಾಚಿಕೆಯಾಗಿತ್ತು. ಇದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ, ಆದರೆ ಈ ಸಲದ್ದು ಬೇರೆ ಜಾತಿಯದು.

ಇನ್ನು ರೈಲಿನ ವರ್ಣನೆ. ಎಂಜಿನ್ನು ಡೀಸೆಲ್ಲಿನದು, ಅದಕ್ಕೆ ಕರಿ ಬಣ್ಣ ಬಳಿದು ತಲೆಯ ಮೇಲೊಂದು ತಗಡಿನ ಚಿಮಣಿ ಕೂರಿಸಿದ್ದರು. ಉಗಿಯ ಶಬ್ದ ಸ್ಪೀಕರಿನಿಂದ ಬರುತ್ತಿತ್ತು. ಗಾಡಿ ನಿಂತಾಗಲೂ ಅದು ನಿಲ್ಲದೆ ಚುಕುಬುಕು ಎನ್ನುತ್ತಿದ್ದುದರಿಂದ ನಾವು ಹೊರಟೆವೋ ಇಲ್ಲವೋ ಎಂದು ತಿಳಿಯಲು ಕಿಟಕಿಯಾಚೆ ನೋಡಬೇಕಾಗುತ್ತಿತ್ತು. ಕೆಂಪು ಪೇಟ ಸುತ್ತಿದ ಬೇರರುಗಳು ನಮಗೆ ರಾಜರ ಕಾಲದ ಸಲಾಮು ಹೊಡೆದು ಪ್ಲಾಸ್ಟಿಕ್ ಲೋಟದಲ್ಲಿ ಚಹಾ ಕೊಟ್ಟರು. ಪ್ಯಾಸೆಂಜರ್ ಗಾಡಿ ಮುಕ್ಕಾಲು ಗಂಟೆಯಲ್ಲಿ ಮುಟ್ಟಿಸುವ ಖಾನಾಪುರಕ್ಕೆ ನಮ್ಮ ಗಾಡಿ ಎರಡೂವರೆ ತಾಸು ತೆಗೆದುಕೊಂಡಿತು. ಹೆಚ್ಚಿನ ಸಮಯಕ್ಕೆ ಅನುಭವ ಎಂದು ಹೆಸರು. ದಾರಿಯಲ್ಲಿ ಅದೇ ಪ್ಯಾಸೆಂಜರ್ ಗಾಡಿ ನಮ್ಮನ್ನು ಹಿಂದೆ ಹಾಕಿತು. ಅದರ ಬಾಗಿಲಲ್ಲಿ ಜೋತುಬಿದ್ದ ಜನ ನಮಗೆ ಕೈ ಬೀಸಿದರು. ನಮ್ಮ ಬೋಗಿಯವರು ಅದನ್ನು ಮೆಚ್ಚುಗೆ ಎಂದು ತಿಳಿದು ತಿರುಗಿ ಕೈ ಬೀಸಿದರು.

ಅತ್ತೆ ಮಾತ್ರ ಖುಷಿಯಾಗಿದ್ದಳು. ತನ್ನ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಮೇಲಿಡುತ್ತೇನೆ ಎಂದರೆ, "ಬ್ಯಾಡ, ಗುಳಿಗಿ ಅದಾವು" ಎಂದು ಚೀಲ ಬಿಡಲಿಲ್ಲ.

ಖಾನಾಪುರದಲ್ಲಿ ಇಳಿಸಿ ಬಸ್ಸಿನಲ್ಲಿ ಹಲಸಿಗೆ ಕರೆದೊಯ್ದರು. ಕದಂಬರ ಕಾಲದಿಂದ ನಮ್ಮನ್ನು ಕಾಯುತ್ತ ನಿಂತ ಗುಡಿಗಳಿಗೆ ಇಪ್ಪತ್ತು ನಿಮಿಷ, ಊಟಕ್ಕೆ ಒಂದೂವರೆ ತಾಸು. ಜೈನ್ ಊಟವೆಂದು ಹಸಿರು ಚೀಟಿ ಅಂಟಿಸಿದ ಪೊಟ್ಟಣ ಬಿಚ್ಚಿದರೆ ಒಳಗೆ ಪಲಾವು, ಪಲಾವಿನೊಳಗೆ ಬಟಾಟೆ. ಸಾಹೇಬರು ನಮ್ಮ ಪಕ್ಕದಲ್ಲೇ ಕೂತಿದ್ದರು. "ನನಗ ಹಸಿವಿಲ್ಲೋ" ಎಂದು ಅತ್ತೆ ಒಂದು ಬಾಳೆಹಣ್ಣು, ಒಂದು ಲೋಟ ಮಜ್ಜಿಗೆಯಲ್ಲಿ ಮುಗಿಸಿದಳು. ಹೇಗೂ ಸಂಜೆಯ ಊಟ ಐದೂವರೆಗೆ, ಆಗ ಸರಿಯಾಗಿ ಉಣ್ಣಲಿ ಎಂದು ನಾನು ಅವಳ ಪಲಾವನ್ನೂ ತಿಂದೆ.

ಆದರೆ ಮರಳುವ ಗಾಡಿ ಖಾನಾಪುರ ಬಿಡುವ ಹೊತ್ತಿಗೆ ಗೂಡ್ಸ್ ಗಾಡಿಯೊಂದು ಬಂತು. ದೇಶಕ್ಕೆ ಕಬ್ಬಿಣದ ಅದಿರು ನಮ್ಮ ಅನುಭವಕ್ಕಿಂತ ಮುಖ್ಯವಾದ್ದರಿಂದ ಅದಕ್ಕೆ ದಾರಿ ಬಿಟ್ಟು ನಿಂತೆವು. ಕೊನೆಗೆ ಹೊರಟು, ನಡುವಿನ ದೇಸೂರು ಸ್ಟೇಷನ್ನಿಗೂ ಮೊದಲೇ ಒಂದು ಬಯಲಿನಲ್ಲಿ ಗಾಡಿ ಮತ್ತೆ ನಿಂತಿತು. ಮೈಕಿನಲ್ಲಿ ಒಬ್ಬಳು ಉಲ್ಲಾಸದಿಂದ ಕೂಗಿದಳು: "ಪ್ರಯಾಣಿಕರೇ, ಸೂರ್ಯಾಸ್ತಕ್ಕೆ ಇನ್ನು ಇಪ್ಪತ್ತೈದೇ ನಿಮಿಷ!" ಇಡೀ ಬೋಗಿ ಫೋನು ಹಿಡಿದು ಪಡುವಣ ಕಿಟಕಿಗೆ ನುಗ್ಗಿತು.

ನಾನು ಕೆಂಪು ಪೇಟದವನನ್ನು ಹಿಡಿದೆ.

"ಊಟ ತಯಾರ ಐತ್ರಿ ಸರ್. ಖರೇ, ಗಾಡಿ ತಡಾ ಆತಲ್ರಿ, ಈಗ ಸೂರ್ಯ ಮುಳುಗಿದ ಮ್ಯಾಲ ಕೊಡ್ರಿ ಅಂತ ಆರ್ಡರ್ ಐತಿ. ಮೊದಲ ಕೊಟ್ರ ಜನರ ಕೈ ಎಣ್ಣಿ ಆಗ್ತಾವು, ಫೋಟೋ ಕೆಡ್ತಾವಂತ."

"ಜೈನ್ ಊಟ ಒಂದರೆ ಮೊದಲ ಕೊಡೋ ಮಾರಾಯಾ!"

"ಅದು ಎಲ್ಲಾರಕಿಂತ ಕಡೀಕರಿ. ಸ್ಪೆಷಲ್ ಅಲ್ರಿ ಅದು? ಮತ್ತ ಅದರ ಪೆಟಿಗಿ ಕೀಲಿ ನಮ್ಮ ಟೂರ್ ಮ್ಯಾನೇಜರ್ ಕಡೆ ಐತಿ. ಅವ್ರು ಕೆಳಗ ಇಳದ ಡ್ರೋನ್ ಹಾರಸಾಕತ್ಯಾರ."

ಸೂರ್ಯಾಸ್ತದ ನಂತರ ಜೈನ್ ಊಟ! ಇಂಥದ್ದನ್ನು ಯೋಚಿಸಲು ಸಾಮಾನ್ಯ ದಡ್ಡತನ ಸಾಲದು, ಒಂದು ಕಂಪನಿಯೇ ಬೇಕು.

ಅತ್ತೆಗೆ ಹೇಳಿದೆ. "ಇರ್ಲಿ ಬಿಡು ತಮ್ಮಾ. ಒಂದ ರಾತ್ರಿ ಅಷ್ಟ" ಎಂದಳು. ಶಾಲು ಹೊದೆಯಲು ಹೋದವಳು ಅದನ್ನು ಮತ್ತೆ ಚೀಲಕ್ಕೆ ತುರುಕಿದಳು, ಹಣೆಯ ಮೇಲೆ ಬೆವರು. ಡಿಸೆಂಬರ್ ಸಂಜೆಯಲ್ಲಿ ಬೆವರು! ಡಾಕ್ಟರ ಮಾತು ನೆನಪಾಯಿತು.

ಆಮೇಲೆ ನಾನು ಮಾಡಿದ್ದನ್ನು ಸಾಹೇಬರೆದುರು ಮಾಡುವೆನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಬೋಗಿಯ ಈ ತುದಿಯಿಂದ ಆ ತುದಿಗೆ, ಫೋಟೋ ತೆಗೆಯುವವರ ಬೆನ್ನು ತಟ್ಟಿ ತಟ್ಟಿ ಬೇಡಿದೆ. "ನಮ್ಮ ಅತ್ತಿ ಏನೂ ತಂದಿಲ್ರಿ. ಹೊತ್ತ ಮುಳುಗಿದ ಮ್ಯಾಲ ಉಣ್ಣೂದಿಲ್ಲ. ಸಕ್ರಿ ಬ್ಯಾನಿ ಐತಿ. ಬಳ್ಳೊಳ್ಳಿ, ಉಳ್ಳಾಗಡ್ಡಿ ಇಲ್ಲದ್ದು ಏನರೆ ಐತೇನ್ರಿ?" ಎಲ್ಲರೂ ಪಾಪ ಎಂದರು, ಇಲ್ಲ ಎಂದರು. ಪ್ಯಾಕೇಜಿನಲ್ಲಿ ಊಟ ಇರುವಾಗ ಮರ್ಯಾದಸ್ಥರು ಯಾರು ತರುತ್ತಾರೆ?

ಆಗ ಸಾಹೇಬರ ಹೆಂಡತಿ ಎದ್ದರು. ಗಂಡನ ಕಾಲು ಸರಿಸಿ, ಸೀಟಿನ ಕೆಳಗೆ ಕೈ ಹಾಕಿ, ಟವೆಲಿನಲ್ಲಿ ಸುತ್ತಿದ ಮೂರಂತಸ್ತಿನ ಸ್ಟೀಲ್ ಡಬ್ಬಿ ಎಳೆದರು. ಸಾಹೇಬರ ಮುಖ ಬೇರರನ ಪೇಟದಷ್ಟು ಕೆಂಪಾಯಿತು. "ಬ್ಯಾಡ ಅಂದಿದ್ದೆ ನಾ. ನಮ್ಮ ಆಫೀಸಿನವ್ರು ಇರ್ತಾರ ಅಂತ ಹೇಳಿದ್ದೆ" ಎಂದು ನನಗೇ ಸಮಜಾಯಿಷಿ ಕೊಟ್ಟರು. ನಾನು ಅವರಿಗೆ ಹೆದರಿ ಅತ್ತೆಯ ಡಬ್ಬಿ ಮನೆಯಲ್ಲೇ ಬಿಡಿಸಿದ್ದೆ. ಅವರು ನನಗೆ ಹೆದರಿ ಅಡಗಿಸಿದ್ದರು. ಅತ್ತ ಒಂದು ಡಬ್ಬಿಯ ಕ್ಲಿಪ್ಪು ಟಕ್ಕೆಂದದ್ದೇ ತಡ, ಸೀಟುಗಳ ಕೆಳಗಿನಿಂದ, ಕ್ಯಾಮೆರಾ ಚೀಲಗಳಿಂದ, ಒಬ್ಬರ ಸ್ವೆಟರಿನ ಒಳಗಿನಿಂದ ಕೂಡ ಡಬ್ಬಿಗಳು ಹೊರಬಂದವು. ಹಳೆಗಾಲ ಹಳೆಗಾಲ ಎಂದು ಬೆಳಗಿನಿಂದ ಕೂಗಿದ್ದರಲ್ಲ, ಅದು ನಿಜವಾಗಿ ಇದ್ದದ್ದು ಇಲ್ಲಿ.

"ಈ ಚಟ್ನಿಯಾಗ ಬಳ್ಳೊಳ್ಳಿ ಐತ್ರಿ, ಬ್ಯಾಡ."

"ರೊಟ್ಟಿ ಅಷ್ಟ ತಗೋರಿ, ಮೊಸರು ಇಲ್ಲೈತಿ."

ಖಾನಾಪುರದ ಮರಾಠಿ ಹೆಂಗಸೊಬ್ಬಳು "ಮಾವ್ಶಿ, ಹೇ ಘ್ಯಾ" ಎಂದು ಅಕ್ಕಿ ಭಾಕರಿಯನ್ನೇ ಅತ್ತೆಯ ಕೈಗಿಟ್ಟಳು. ಮೈಕು "ಇನ್ನು ಎಂಟು ನಿಮಿಷ!" ಎಂದಿತು. ಅತ್ತೆ ಗುಳಿಗೆ ನುಂಗಿ ಉಣ್ಣತೊಡಗಿದಳು. ಎಲ್ಲರೂ ಕಿಟಕಿಗೆ ಬೆನ್ನು ಹಾಕಿ ಅವಳ ಸುತ್ತ ನಿಂತರು. ಸಾಹೇಬರು ಕಪ್ಪು ಕನ್ನಡಕ ತೆಗೆದು ಕಿಟಕಿಯಲ್ಲಿ ತಲೆ ಹಾಕಿ, "ಇನ್ನ ಅರ್ಧ ಅದಾನ್ರಿ ಅಜ್ಜಿ, ಸಾವಕಾಶ ಉಣ್ರಿ" ಎಂದು ಸೂರ್ಯನ ವರದಿ ಒಪ್ಪಿಸುತ್ತಿದ್ದರು. "ಕಾಲ್ ಭಾಗ ಐತಿ… ಅಂಚ ಕಾಣ್ತದ…" ಅತ್ತೆ ಕೊನೆಯ ತುತ್ತು ನುಂಗಿ, ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹ್ಞಾಂ, ಈಗ ಹೋಗ್ಲಿ ಅವ" ಎಂದಳು. ಅವನು ಹೋದ. ನಮ್ಮ ಬೋಗಿಯಲ್ಲಿ ಒಬ್ಬರಿಗೂ ಸೂರ್ಯಾಸ್ತದ ಫೋಟೋ ಸಿಗಲಿಲ್ಲ.

ಮನೆ ಮುಟ್ಟಿದಾಗ ಎಂಟು ಗಂಟೆ. ಅತ್ತೆ ಕುರ್ಚಿಯಲ್ಲಿ ಕೂತು "ಆ ಚೀಲ ಅಡಗಿ ಮನ್ಯಾಗ ಇಡು" ಎಂದಳು. ಎತ್ತಿದರೆ ಗುಳಿಗೆಯ ಭಾರವಲ್ಲ. ಶಾಲಿನ ಕೆಳಗೆ ಡಬ್ಬಿ ಇತ್ತು. ನಾಲ್ಕು ರೊಟ್ಟಿ, ಹೀರೇಕಾಯಿ ಪಲ್ಲೆ, ಮುಟ್ಟಿರಲಿಲ್ಲ.

"ಇದನ್ನ ಇಟಗೊಂಡು ಹಸದ ಕುಂತಿದ್ದೇನು?" ನನ್ನ ದನಿ ಏರಿತು. "ಮಧ್ಯಾಹ್ನ ಯಾಕ ತಗೀಲಿಲ್ಲ?"

"ಸಾಹೇಬ್ರು ಬಾಜೂಕ ಇದ್ರು. ಛಂದ ಕಾಣೂದಿಲ್ಲ ಅಂದಿದ್ದಿ ಅಲ್ಲ ನೀ."

"ಸಂಜೀಕ ಎಲ್ಲಾರೂ ತಗದ್ರಲ್ಲ, ಆವಾಗರೆ?"

"ನೀ ಬೋಗಿ ತುಂಬ 'ನಮ್ಮ ಅತ್ತಿ ಏನೂ ತಂದಿಲ್ಲ' ಅಂತ ಹೇಳಿ ಬಂದಿದ್ದಿ. ಆಮ್ಯಾಲ ನಾ ಡಬ್ಬಿ ತಗದಿದ್ರ ಅಷ್ಟ ಮಂದ್ಯಾಗ ನೀ ಸುಳ್ಳ ಆಗ್ತಿದ್ದಿಲ್ಲೇನು?"

ಹೊತ್ತು ಮುಳುಗಿತ್ತು, ಆಕೆ ಉಣ್ಣುವಂತಿರಲಿಲ್ಲ. ತಾನೇ ಎದ್ದು ತಾಟು ಹಾಕಿ ನನಗೆ ಬಡಿಸಿದಳು. ತಾನು ರುಚಿ ನೋಡದ ಪಲ್ಲೆಗೆ "ಉಪ್ಪು ಸರಿ ಐತೇನೋ?" ಎಂದು ಕೇಳಿದಳು. ಸರಿ ಇದೆ ಎಂದೆ. ನಾಲ್ಕೂ ರೊಟ್ಟಿ ತಿಂದೆ. ಡಬ್ಬಿ ನಾನೇ ತೊಳೆದಿಟ್ಟೆ.

ಇವತ್ತು ಬೆಳಿಗ್ಗೆ ಚಹಾದಲ್ಲಿ ನೆನೆದ ಆ ಕಾಗದವನ್ನು ಒರೆಸುತ್ತಿದ್ದಾಗ ಅತ್ತೆ ಬಂದು ಚಾಳೀಸು ಏರಿಸಿ ಓದಿದಳು. ಸೂರ್ಯನನ್ನು ಬೆರಳಿನಿಂದ ಸವರಿ, ನನ್ನ ಕಡೆ ಓರೆಗಣ್ಣಿನಿಂದ ನೋಡಿದಳು.

"ಹೋಗೂಣೇನೋ ತಮ್ಮಾ? ಈ ಸಲಾನೂ ನಿಮ್ಮ ಸಾಹೇಬ್ರು ಬರ್ತಾರೇನು?"

"ಬರ್ಲಿ ಬಿಡು. ಹೋಗೂಣು ಅತ್ತಿ. ಖರೇ, ಚೀಲ ಬ್ಯಾಡ. ಡಬ್ಬಿ ನನ್ನ ಕೈಯಾಗ ಕೊಡು."