ನಮ್ಮ ಬೀದಿಯ ಒಂದು ವೋಟು

ನಮ್ಮತ್ತೆಗೆ ಹೆದರಿಕೆ ಅಂದರೇನೆಂದೇ ಗೊತ್ತಿಲ್ಲ ಅಂತ ಬೀದಿಯವರೆಲ್ಲ ಹೇಳುತ್ತಿದ್ದರು. ಹಲ್ಲಿ ಕಂಡರೆ ಮಂಚ ಹತ್ತುತ್ತಾರೆ, ಗುಡುಗಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ ಎನ್ನುವುದು ಸೊಸೆಯಾದ ನನಗೊಬ್ಬಳಿಗೇ ಗೊತ್ತು. ಮನೆಯ ಮುಂದಿನ ಕೋಣೆಯೇ ನಮ್ಮ ಇಸ್ತ್ರಿ ಅಂಗಡಿ. ಹಳೇ ಕಂಬಳಿ ಹೊದಿಸಿದ ಒಂದೇ ಮೇಜು. ಆ ತುದಿಗೆ ಅತ್ತೆ, ಈ ತುದಿಗೆ ನಾನು. ಬೆಳಗಾದರೆ ಅತ್ತೆ ಮನೆಮನೆಗೆ ಹೋಗಿ ಬಟ್ಟೆ ಗಂಟು ತರುತ್ತಿದ್ದರು. ಯಾರ ಮನೆಯಲ್ಲಿ ಯಾರಿಗೆ ಕೆಲಸ ಸಿಕ್ಕಿತು, ಯಾರ ಅಂಗಿಯ ಕಾಲರು ಸವೆಯಿತು, ಎಲ್ಲ ಆ ಗಂಟಿನ ಜೊತೆಗೇ ಬರುತ್ತಿತ್ತು.

ಪಕ್ಷದ ವಿಷಯಕ್ಕೆ ಬಂದರೆ ಮಾತ್ರ ಅತ್ತೆ ನಿಜಕ್ಕೂ ಗಟ್ಟಿಗಿತ್ತಿ. ಮಾವ ಬದುಕಿದ್ದಾಗಿನಿಂದ ಅದೇ ಪಕ್ಷ. ಅದು ಗದ್ದುಗೆಯಲ್ಲಿದ್ದಾಗಲೂ ಅದೇ, ಸೋತು ಸುಣ್ಣವಾಗಿ ವಿರೋಧ ಪಕ್ಷವೆಂದೇ ಹೆಸರು ಬಿದ್ದಾಗಲೂ ಅದೇ. ಅಷ್ಟು ವರ್ಷ ದುಡಿದಿದ್ದಕ್ಕೆ ಪಕ್ಷ ಏನು ಕೊಟ್ಟಿತು ಅಂತ ನಾನು ಕೆಣಕಿದರೆ, ನಿನಗೇನು ಗೊತ್ತು ಸುಮ್ಮನಿರೇ ಅನ್ನುತ್ತಿದ್ದರು. ಕೊಟ್ಟಿದ್ದು ಒಂದು ಪ್ಲಾಸ್ಟಿಕ್ ಕುರ್ಚಿ, ಅದಕ್ಕೂ ಮೂರೇ ಕಾಲು.

ಈ ಸಲದ ಮಹಾಚುನಾವಣೆಗೆ ಮಾತ್ರ ಗಾಳಿ ನಿಜವಾಗಿಯೂ ಅತ್ತೆಯ ಪಕ್ಷದ ಕಡೆಗೇ ಬೀಸುತ್ತಿತ್ತು. ಬೆಲೆ ಏರಿತ್ತು, ನಲ್ಲಿಯಲ್ಲಿ ನೀರಿರಲಿಲ್ಲ, ಜನ ಬೇಸತ್ತಿದ್ದರು. ಆಗ ಮೇಲಿನ ಮುಖಂಡರಿಗೆ ಒಂದು ಬುದ್ಧಿ ಹೊಳೆಯಿತು. ನಮಗೇ ವೋಟು ಎಂದವರ ಬಾಗಿಲಿಗೆಲ್ಲ ಪಕ್ಷದ ಹಳದಿ ಚೀಟಿ ಅಂಟಿಸಬೇಕು. ಅಲೆ ಎದ್ದಿದೆ ಅಂತ ಜನರ ಕಣ್ಣಿಗೆ ಕಾಣಬೇಕು. ನಮ್ಮ ಬೀದಿಯ ಹೊಣೆ ಅತ್ತೆಗೆ ಬಂತು. ಬಟ್ಟೆ ಗಂಟು ತರಲು ಹೋದವರು ಅಂಟಿನ ಡಬ್ಬಿಯನ್ನೂ ಹಿಡಿದು ಹೋದರು. ಮೂರೇ ದಿನದಲ್ಲಿ ಬೀದಿಯ ಮುಕ್ಕಾಲು ಬಾಗಿಲು ಹಳದಿಯಾಯಿತು. ಮುಖಂಡರು ಕಾರಿನಲ್ಲಿ ಬಂದು ಫೋಟೋ ತೆಗೆಸಿಕೊಂಡು, ಅತ್ತೆಯ ಬೆನ್ನು ತಟ್ಟಿ ಹೋದರು.

ಮಾರನೆಯ ಸಂಜೆ ಸಕ್ಕರೆಯಣ್ಣ ಬಂದ.

ಅವನು ಆಳುವ ಪಕ್ಷದ ಕಡೆಯಿಂದ ನಮ್ಮ ಬಡಾವಣೆ ನೋಡಿಕೊಳ್ಳುವವನು. ಮಾತು ಬಲು ಸಿಹಿ, ಅದಕ್ಕೇ ಆ ಹೆಸರು. ಅವನು ಯಾರನ್ನೂ ಬೈಯಲಿಲ್ಲ, ಒಂದು ಚೀಟಿಯನ್ನೂ ಹರಿಯಲಿಲ್ಲ. ಉಂಡವರು ಅಡ್ಡಾಡುವ ಹಾಗೆ ಬೀದಿಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದ. ಹಳದಿ ಚೀಟಿ ಇದ್ದ ಪ್ರತಿ ಬಾಗಿಲ ಮುಂದೆಯೂ ನಿಂತು ಮನೆಯವರ ಕ್ಷೇಮ ಕೇಳಿದ. ಮೇಷ್ಟರನ್ನು ಪಿಂಚಣಿ ಸರಿಯಾಗಿ ಬರುತ್ತಿದೆಯೇ ಎಂದು ಕೇಳಿದ. ಟೈಲರನ್ನು ಅಂಗಡಿಯ ಲೈಸೆನ್ಸು ಯಾವಾಗ ಮುಗಿಯುತ್ತದೆ ಎಂದು ಕೇಳಿದ. ಮೂಲೆಮನೆಯ ವಿಧವೆಯನ್ನು ಮಗಳಿಗೆ ಆಸ್ಪತ್ರೆಯ ಕೆಲಸ ಖಾಯಂ ಆಯಿತೇ ಎಂದು ಕೇಳಿದ. ಕೊನೆಗೆ ನಮ್ಮಲ್ಲಿಗೆ ಬಂದು, ತನ್ನ ಬಿಳಿ ಅಂಗಿಗಳನ್ನು ಮೇಜಿನ ಮೇಲಿಟ್ಟ.

"ಮಗ ಇನ್ನೂ ನೀರಿನ ಟ್ಯಾಂಕರೇ ಓಡಿಸ್ತಿದಾನಾ ಅಕ್ಕ? ಗುತ್ತಿಗೆ ಕೆಲಸ ಪಾಪ, ವರ್ಷವರ್ಷ ಹೊಸದು ಮಾಡಿಸ್ಬೇಕು" ಅಂದ. ಆ ಗುತ್ತಿಗೆ ಇದ್ದದ್ದು ಅವನ ಭಾವಮೈದುನನ ಕೈಯಲ್ಲೇ. ಆಮೇಲೆ ಬಾಗಿಲ ಕಡೆ ನೋಡಿ ನಕ್ಕ. "ವೋಟು ಗುಟ್ಟು, ಯಾರು ಯಾರಿಗೆ ಹಾಕಿದ್ರು ಅಂತ ದೇವರಿಗೂ ಗೊತ್ತಾಗಲ್ಲ. ಆದ್ರೆ ನಿಮ್ಮ ಬೀದಿಗೆ ಒಂದೇ ಬೂತು ನೋಡಿ. ಒಟ್ಟು ಎಷ್ಟು ಬಿತ್ತು ಅನ್ನೋದು ಗೊತ್ತಾಗೇ ಆಗುತ್ತೆ."

ನನ್ನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಹಾಗೇ ನಿಂತುಬಿಟ್ಟಿತು. ಬಟ್ಟೆ ಸೀದ ವಾಸನೆ ಬಂದಾಗಲೇ ಎಚ್ಚರವಾದದ್ದು.

ಅಂದಿನಿಂದ ನನಗೆ ನಿದ್ದೆಯಿಲ್ಲ. ಗಂಡನ ಕೆಲಸ ಹೋದರೆ ಇಸ್ತ್ರಿಯೊಂದನ್ನೇ ನಂಬಿ ಮೂರು ಹೊಟ್ಟೆ ತುಂಬುವುದು ಆಗದ ಮಾತು. ಸಕ್ಕರೆಯಣ್ಣ ವರ್ಷಗಟ್ಟಲೆ ಹುಡುಕಿದರೂ ತಿಳಿಯದಿದ್ದ ವಿಷಯವನ್ನು ಪಕ್ಷ ತಾನೇ ಬಾಗಿಲು ಬಾಗಿಲಿಗೆ ಬರೆದು ಕೊಟ್ಟಿತ್ತು. ಹಾಗೆ ಬರೆದವರು ನಮ್ಮತ್ತೆ.

ಬೀದಿಯವರು ಚೀಟಿ ಕೆರೆಯತೊಡಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅಂತಾರಲ್ಲ, ಹಾಗಾಯಿತು. ಅಂಟು ಗಟ್ಟಿ, ಅತ್ತೆಯ ಕೈಗುಣ ಬೇರೆ. ಕಾಗದ ಹೋದರೂ ಚೌಕದ ಗುರುತು ಹೋಗಲಿಲ್ಲ. ಮೇಷ್ಟರು ಸೀಮೆಎಣ್ಣೆ ಹಾಕಿ ತಿಕ್ಕಿದರು. ಟೈಲರು ಇಡೀ ಬಾಗಿಲಿಗೇ ಬಣ್ಣ ಬಳಿದ. ಬಟ್ಟೆ ಗಂಟಿಗೆ ಹೋದ ಅತ್ತೆಯನ್ನು ಒಳಗೆ ಕರೆಯುವವರೇ ಇಲ್ಲ. ಗಂಟು ಮೆಟ್ಟಿಲ ಮೇಲೆ ಕಾಯುತ್ತಿತ್ತು. ಅತ್ತೆ ಮುಖಂಡರಿಗೆ ಹೇಳಿ ಕಳಿಸಿದರು: ಜನ ಹೆದರಿದ್ದಾರೆ, ನೀವೊಮ್ಮೆ ಬಂದು ಬೀದಿಯಲ್ಲಿ ನಡೆದು ಹೋಗಿ. ಅವರು ಬರಲಿಲ್ಲ. ಇನ್ನೊಂದು ಕಟ್ಟು ಹಳದಿ ಚೀಟಿ ಬಂತು.

ಕೊನೆಗೆ ಬೀದಿಯಲ್ಲಿ ಉಳಿದದ್ದು ನಮ್ಮ ಬಾಗಿಲಿನದೊಂದೇ. ಅದನ್ನು ಕಿತ್ತುಹಾಕಿ ಅಂತ ನಾನು ಅತ್ತೆಯ ಕಾಲು ಹಿಡಿಯುವುದೊಂದು ಬಾಕಿ. "ಅಂಟಿಸಿದೋಳು ನಾನು. ನಾನೇ ಕಿತ್ತರೆ ಮುಖ ಎತ್ತಿಕೊಂಡು ಓಡಾಡೋದು ಹೇಗೆ?" ಅಂದರು. ಇಸ್ತ್ರಿಯಾದ ಅಂಗಿಗೇ ಮತ್ತೆ ನೀರು ಚಿಮುಕಿಸಿದರು.

ವೋಟಿನ ದಿನ ಮನೆಯವರೆಲ್ಲ ಒಟ್ಟಿಗೇ ಹೋಗಿ ಬಂದೆವು. ನಾನು ಆಳುವ ಪಕ್ಷಕ್ಕೆ ಹಾಕಿದೆ, ಅದರಲ್ಲಿ ಮುಚ್ಚುಮರೆಯೇನೂ ಇಲ್ಲ. ಅತ್ತೆಯ ವೋಟು ಎಲ್ಲಿಗೆ ಅಂತ ಕೇಳುವ ಅಗತ್ಯವೇ ಇರಲಿಲ್ಲ. ಬೀದಿಯವರು ಆಕೆಗೆ ದಾರಿ ಬಿಟ್ಟುಕೊಟ್ಟರು. ಕೆಲವರು ಕಣ್ಣು ತಪ್ಪಿಸಿದರು.

ಫಲಿತಾಂಶದ ದಿನ ಮಧ್ಯಾಹ್ನಕ್ಕೇ ಎಲ್ಲ ಮುಗಿದುಹೋಗಿತ್ತು. ದೇಶದ ತುಂಬ ಅತ್ತೆಯ ಪಕ್ಷ ಮಣ್ಣುಮುಕ್ಕಿತ್ತು. ಸಂಜೆ ಬೂತಿನ ಲೆಕ್ಕವೂ ಹೊರಬಿತ್ತು. ನಮ್ಮ ಬೀದಿಯಲ್ಲಿ ವಿರೋಧ ಪಕ್ಷಕ್ಕೆ ಬಿದ್ದದ್ದು ಒಂದೇ ಒಂದು ವೋಟು.

ಹತ್ತಿಪ್ಪತ್ತು ಬಿದ್ದಿದ್ದರೆ ಅದರಲ್ಲಿ ನಮ್ಮದೂ ಮುಚ್ಚಿಹೋಗುತ್ತಿತ್ತು. ಒಂದನ್ನು ಎಲ್ಲಿ ಬಚ್ಚಿಡುವುದು? ಗಂಡ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅತ್ತೆಯ ಮೇಲೆ ಹರಿಹಾಯ್ದೆ. ಒಂದು ಹಟಕ್ಕೆ ಹೆತ್ತ ಮಗನ ಅನ್ನಕ್ಕೇ ಕಲ್ಲು ಹಾಕಿದಿರಲ್ಲ ಅಂತ, ಸೊಸೆ ಆಡಬಾರದ ಮಾತನ್ನೆಲ್ಲ ಆಡಿದೆ. ಅತ್ತೆ ಮೂರು ಕಾಲಿನ ಕುರ್ಚಿಯನ್ನು ಗೋಡೆಗೆ ಒರಗಿಸಿ ಕೂತುಕೊಂಡರು.

"ನಾನು ಹಾಕಲಿಲ್ಲ ಕಣೇ" ಅಂದರು. "ಗುಂಡಿಯ ಹತ್ರ ಬೆರಳು ಹೋಯ್ತು. ಆ ಟ್ಯಾಂಕರಿನ ಗುತ್ತಿಗೆ ನೆನಪಾಯ್ತು. ಪಕ್ಕದ್ದನ್ನ ಒತ್ತಿ ಬಂದೆ."

ಆಕೆ ಅಳುತ್ತಿದ್ದುದನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೆ ಇನ್ನೊಂದು ಭಯ ಬಂದು ಕೂತಿತು: ಹಾಗಾದರೆ ಆ ಒಂದು ಯಾರದು?

ಸಕ್ಕರೆಯಣ್ಣನಿಗೂ ಅದೇ ಬೇಕಿತ್ತು. ಮಾರನೆಯ ಬೆಳಗ್ಗೆ ಅಂಗಿ ತೆಗೆದುಕೊಳ್ಳುವ ನೆಪದಲ್ಲಿ ಬಂದ. ಆ ಒಂದು ವೋಟು ಅಕ್ಕನದೇ ಅಂತ ಬೀದಿಯೆಲ್ಲ ಹೇಳುತ್ತಿದೆ, ನಿಜವೇ ಅಂತ ನಗುನಗುತ್ತ ಕೇಳಿದ. ಅಲ್ಲದಿದ್ದರೆ ಮನೆಮನೆಗೆ ಹೋಗಿ ವಿಚಾರಿಸುತ್ತೇನೆ ಅಂದ. ಅತ್ತೆ ಕಾಲರಿನ ಮೇಲಿಂದ ಇಸ್ತ್ರಿಪೆಟ್ಟಿಗೆ ಎತ್ತಲಿಲ್ಲ.

"ನಂದೇ" ಅಂದರು. "ಇನ್ಯಾರ ಮನೆಗೂ ಹೋಗ್ಬೇಡ."

ಅವನು ಮಡಿಸಿಟ್ಟಿದ್ದ ಅಂಗಿಗಳನ್ನು ಎತ್ತಿಕೊಂಡ. ಹಳೇ ನಿಷ್ಠೆಗೆ ತಾನೂ ಬೆಲೆ ಕೊಡುವವನೇ, ವಯಸ್ಸಾದವರ ಮೇಲೆ ತನಗೇಕೆ ಸಿಟ್ಟು ಅಂತ ಹೇಳಿ, ಗುತ್ತಿಗೆಯ ವಿಷಯ ಎತ್ತದೆ ಹೋದ. ಎತ್ತದೇ ಇದ್ದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ನನಗೆ ತಿಳಿಯಲಿಲ್ಲ. ಅವನು ತಿರುವು ದಾಟುವವರೆಗೂ ಅತ್ತೆ ನೆಟ್ಟಗೆ ನಿಂತಿದ್ದರು.

ಸಂಜೆ ಪಕ್ಷದ ಕಚೇರಿಯಲ್ಲಿ ಸೋತದ್ದೇಕೆ ಅಂತ ಸಭೆ. ಅತ್ತೆಯೂ ಹೋದರು. ಅಲ್ಲಿಯವರು ಹಣ, ಹವೆ, ಪತ್ರಿಕೆಗಳು ಅಂತ ಒಂದೊಂದು ಹೇಳಿದರಂತೆ. ಅತ್ತೆ ಎದ್ದು ನಿಂತು, ಬಾಗಿಲಿಗೆ ಚೀಟಿ ಅಂಟಿಸಿ ನಾವೇ ಜನರನ್ನು ಹಿಡಿದುಕೊಟ್ಟೆವು ಎಂದರಂತೆ. ಇಡೀ ಪ್ರಚಾರದಲ್ಲಿ ಸರಿಯಾಗಿ ನಡೆದದ್ದು ಅದೊಂದೇ ಅಮ್ಮ ಎಂದು ಮುಖಂಡರು ಕೂರಿಸಿದರಂತೆ. ಎಣಿಕೆಯಲ್ಲೇ ಮೋಸವಾಗಿದೆ, ಹಾಕಿದ ವೋಟು ಲೆಕ್ಕಕ್ಕೆ ಬಂದಿಲ್ಲ ಅಂತ ಎದೆ ತಟ್ಟಿ ಹೇಳುವ ಒಬ್ಬ ಸಿಕ್ಕರೂ ಸಾಕು, ನಾಳೆಯೇ ಪತ್ರಿಕೆಯವರ ಮುಂದೆ ನಿಲ್ಲಿಸುತ್ತೇವೆ. ಹಾಗಂತ ಸಭೆ ಮುಗಿಯಿತು.

ಅತ್ತೆ ಇದನ್ನೆಲ್ಲ ಹೇಳುತ್ತಿರುವಾಗಲೇ ನನ್ನ ಗಂಡ ಕೆಲಸದಿಂದ ಬಂದ. ಅವನು ಮಾತು ಕಡಿಮೆಯ ಮನುಷ್ಯ. ಎರಡು ದಿನದಿಂದ ಅದೂ ನಿಂತುಹೋಗಿತ್ತು. ಕೈಕಾಲು ಕೂಡ ತೊಳೆಯದೆ ಅಮ್ಮನ ಎದುರು ಬಂದು ನಿಂತ.

"ಆ ಒಬ್ಬ ನಾನೇ ಆಗ್ತೀನಿ ಅಮ್ಮ. ನಾಳೆ ಬೆಳಗ್ಗೆ ಹೋಗಿ ಹೇಳ್ತೀನಿ. ಕೆಲಸ ಹೋದ್ರೆ ಹೋಗ್ಲಿ."

ಏನು ಹೇಳುತ್ತೀ ಅಂತ ಅತ್ತೆ ಕೇಳಿದರು.

"ಇಡೀ ಬೀದಿ ಹಿಂದೆ ಸರಿದ್ರೂ ನೀನು ಸರಿಯಲ್ಲ ಅಂತ ಗೊತ್ತಿತ್ತು. ನಿಂದೊಂದೇ ಆಗ್ಬಾರ್ದು ಅಂತ ನಾನೂ ನಿನ್ನ ಪಕ್ಷಕ್ಕೇ ಹಾಕಿದೆ. ನಿಂದೊಂದು, ನಂದೊಂದು. ಲೆಕ್ಕದಲ್ಲಿ ಒಂದೇ ಇದೆ. ಇದಕ್ಕಿಂತ ಸಾಕ್ಷಿ ಬೇಕಾ?"

ನಾನು ಅತ್ತೆಯ ಮುಖ ನೋಡಿದೆ. ಬೆಳಗ್ಗೆ ಸಕ್ಕರೆಯಣ್ಣನ ಎದುರು ಒಂದೇ ಉಸಿರಿಗೆ ಸುಳ್ಳು ಹೇಳಿದ ಹೆಂಗಸು, ಈಗ ಮೇಜಿನ ಕಂಬಳಿಯ ಸುಕ್ಕು ಸರಿಮಾಡುತ್ತ ನಿಂತರು. ಸುಮ್ಮನಿದ್ದರೆ ಮಗ ನಾಳೆ ಊರ ಮುಂದೆ ನಿಲ್ಲುತ್ತಾನೆ. ಬಾಯಿ ಬಿಟ್ಟರೆ ಮಗನ ಕಣ್ಣಲ್ಲಿದ್ದ ಅಮ್ಮ ಹೋಗುತ್ತಾಳೆ. ನಾನೇ ಹೇಳಿಬಿಡಲೇ ಅಂದುಕೊಂಡೆ. ಧೈರ್ಯ ಬರಲಿಲ್ಲ.

"ಲೆಕ್ಕ ಸರಿಯಾಗೇ ಇದೆ ಕಣೋ" ಅಂದರು ಅತ್ತೆ. "ಇದ್ದದ್ದು ಒಂದೇ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.