ಚೌಕಕ್ಕೆ ಒಗ್ಗದ ಮೂರು ಸಾವಿರದ ನೂರಾ ಇಪ್ಪತ್ತೈದು

ಕೊರೋನಾ ಕಳೆದು ಶಾಲೆಗಳು ಮತ್ತೆ ತುಂಬಿದ ವರ್ಷ ಅದು. ನಾನು ಹಗರಿಬೊಮ್ಮನಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿಯಾಗಿದ್ದೆ. ನಮ್ಮ ಮೈದಾನದಲ್ಲಿ ಮಕ್ಕಳ ಸಾಮೂಹಿಕ ಕವಾಯತು ಏರ್ಪಾಡಾಗಿತ್ತು. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಮತ್ತು ನಮ್ಮ ತಾಲ್ಲೂಕಿನಿಂದ ತಲಾ 625 ಮಕ್ಕಳು, ಒಟ್ಟು 2,500. ಐವತ್ತು ಸಾಲು, ಸಾಲಿಗೆ ಐವತ್ತು ಮಂದಿ. ಡ್ರೋನ್ ಮೇಲಿನಿಂದ ಫೋಟೊ ತೆಗೆದರೆ ಮೂಲೆ ಮುರಿಯದ ಚೌಕ ಕಾಣಬೇಕು. ಲೆಕ್ಕ ನಾನೇ ಹಾಕಿಕೊಟ್ಟಿದ್ದೆ.

ಅದಾದ ಮೇಲೆ ಕವಾಯತಿನ ಸಂಯೋಜಕರು ಹರಪನಹಳ್ಳಿ ತಾಲ್ಲೂಕನ್ನೂ ಸೇರಿಸಿಬಿಟ್ಟರು. ಮತ್ತೆ 625. ನನಗೊಂದು ಫೋನು ಮಾಡುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಕವಾಯತಿನ ಬೆಳಿಗ್ಗೆ ಹರಪನಹಳ್ಳಿ ಬಸ್ಸುಗಳು ಬಂದು ನಿಂತಾಗಲೇ ನನಗೆ ವಿಷಯ ಗೊತ್ತಾದದ್ದು.

“ಸರ್, ಇದು ಚೌಕ ಆಗಂಗಿಲ್ರಿ,” ಎಂದು ಸಂಯೋಜಕರಿಗೆ ಹೇಳಿದೆ.

“ಯಾಕ ಆಗಂಗಿಲ್ರಿ ಮೇಡಂ? ಒಂದೊಂದು ತಾಲ್ಲೂಕು ಇಪ್ಪತ್ತೈದು ಇಂಟು ಇಪ್ಪತ್ತೈದು, ಚೌಕನ ಐತಿ. ನಾಕು ಚೌಕ ಕೂಡಿ ದೊಡ್ಡ ಚೌಕ ಆಗಿತ್ತು. ಐದು ಕೂಡಿದ್ರ ಇನ್ನೂ ದೊಡ್ಡದಾಕ್ಕತಿ.”

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. 3,125 ನಿಜಕ್ಕೂ ಚೆಲುವಾದ ಸಂಖ್ಯೆ. ಐದು ಐದುಗಳನ್ನು ಒಂದಕ್ಕೊಂದು ಗುಣಿಸಿದರೆ ಸಿಗುವಂಥದ್ದು. ಆದರೆ ಅದು ಪೂರ್ಣವರ್ಗವಾಗಬೇಕಾದರೆ, ಅಂದರೆ ಎಷ್ಟು ಸಾಲೋ ಸಾಲಿಗೆ ಅಷ್ಟೇ ಮಂದಿ ನಿಲ್ಲಬೇಕಾದರೆ, ಆ ಐದುಗಳನ್ನು ಎರಡು ಸಮಪಾಲು ಮಾಡಲು ಬರಬೇಕು. ಇರುವುದು ಐದು, ಒಂದು ಉಳಿದೇ ಉಳಿಯುತ್ತದೆ. ಮಣ್ಣಿನ ಮೇಲೆ ಕಡ್ಡಿಯಿಂದ ಬರೆದು ತೋರಿಸಿದೆ. ಅವರು ಡ್ರೋನ್ ನೋಡುತ್ತಿದ್ದರು.

“ಗಣಿತ ಆಮ್ಯಾಲ. ಈಗ ಏನರ ಅಡ್ಜಸ್ಟ್ ಮಾಡ್ರಿ.”

ಐವತ್ತೈದು ಸಾಲು ಮಾಡಿದರೆ 3,025 ಮಕ್ಕಳು ಹಿಡಿಯುತ್ತಾರೆ, ನೂರು ಮಂದಿ ಹೊರಗೆ. ಅಷ್ಟು ಹೇಳಿದ್ದೇ ತಡ, ಪುಣ್ಯಾತ್ಮರು ಮೈಕು ಹಿಡಿದು, “ಕಡೀಗೆ ಸೇರಿದವರು ಹರಪನಹಳ್ಳಿಯವರು. ಅವರಾಗ ನೂರು ಮಂದೀನ ಬಸ್ಸಿನಾಗ ಕೂಡಸ್ರಿ,” ಎಂದುಬಿಟ್ಟರು.

ಹರಪನಹಳ್ಳಿಯ ಕೊನೆಯ ಸಾಲುಗಳಲ್ಲಿದ್ದವರು ಆ ತಾಲ್ಲೂಕಿನ ನೀಲಗುಂದ ಊರಿನ ಮಕ್ಕಳು. ಒಬ್ಬಳಂತೂ ಇಸ್ತ್ರಿ ಮಾಡಿದ ಲಂಗ ಮುದುರದಿರಲೆಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ನಿಂತೇ ಬಂದಿದ್ದಳಂತೆ. “ನಾವೇನು ತಪ್ಪು ಮಾಡಿದೀವಿ ಟೀಚರ್?” ಎಂದು ಕೇಳಿದಳು. ನನ್ನ ಸಿಟ್ಟು ನೆತ್ತಿಗೇರಿತು.

ಮೈಕು ಕಿತ್ತುಕೊಂಡೆ. ಐವತ್ತಾರು ಸಾಲಿನ ಚೌಕಕ್ಕೆ 3,136 ಮಂದಿ ಬೇಕು. ಕಡಿಮೆ ಬೀಳುವುದು ಹನ್ನೊಂದೇ. “ಯಾವ ಮಗುನೂ ಬಸ್ಸು ಹತ್ತಂಗಿಲ್ಲ. ಹನ್ನೊಂದು ಮಂದಿ ದೊಡ್ಡೋರು ಬರ್ರಿ, ಸಾಲಿಗೆ ನಿಲ್ರಿ!”

ಇಬ್ಬರು ಪಿ.ಟಿ. ಮಾಸ್ತರು ಬಂದರು, ಐವರು ಶಿಕ್ಷಕಿಯರು, ಇಬ್ಬರು ಬಸ್ ಡ್ರೈವರುಗಳು. ಹತ್ತನೆಯವಳು ನಾನು. ಇನ್ನೊಬ್ಬರು ಬೇಕು. ವೇದಿಕೆಯ ನೆರಳಲ್ಲಿ ಕೂತ ಗಣ್ಯರಿಗೆಲ್ಲ ಒಮ್ಮೆಲೇ ಮೊಬೈಲಿನಲ್ಲಿ ಕೆಲಸ ಬಂತು.

“ಒಂದು ಜಾಗ ಖಾಲಿ ಇದ್ರ ಫೋಟೊದಾಗ ಏನ್ ಕಾಣತೈತಿ, ಬಿಡ್ರಿ,” ಎಂದರು ಸಂಯೋಜಕರು.

“ಹಂಗಿದ್ರ ನೂರು ಮಕ್ಕಳನ್ನ ಯಾಕ ತೆಗಿಯಾಕ ಹೊಂಟಿದ್ರಿ? ಬರ್ರಿ ಸರ್, ನೀವ ನಿಲ್ರಿ.”

ಅವರು ಆಚೀಚೆ ನೋಡಿದರು. ಅಷ್ಟರಲ್ಲಿ ಆ ನೀಲಗುಂದದ ಹುಡುಗಿ ಪಕ್ಕಕ್ಕೆ ಸರಿದು, “ಇಲ್ಲಿ ಜಾಗ ಐತೆ, ಬನ್ನಿ ಸಾರ್,” ಎಂದಳು. ವಿಧಿಯಿಲ್ಲದೆ ಬಂದು ನಿಂತರು. ಸಫಾರಿ ಸೂಟಿನಲ್ಲಿ ಬೆವರುತ್ತ, ಅವಳನ್ನು ನೋಡಿ ನೋಡಿ ಕೈ ಎತ್ತಿ ಇಳಿಸಿದರು.

ಸಂಖ್ಯೆಗೆ ಯಾರ ಮುಲಾಜೂ ಇಲ್ಲ, ಅದು ಅಡ್ಜಸ್ಟ್ ಆಗುವುದಿಲ್ಲ. ಲೆಕ್ಕ ಹೊಂದದಿದ್ದಾಗ ಯಾರನ್ನು ಕಳೆಯಲಿ ಎಂದು ಹೊರಡುವ ಮುಂಚೆ ಯಾರನ್ನು ಸೇರಿಸಬಹುದು ಎಂದು ನೋಡಬೇಕೆಂಬುದನ್ನು ನನ್ನ ನೌಕರಿ ಕಲಿಸಿತು. ಹಾಗೆ ಸೇರಿಸಲು ಮೊದಲು ನೋಡಬೇಕಾದದ್ದು ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತವರ ಕಡೆಗೆ.